ನಮ್ಮ ಕಾರಿನ ಪೈಪು ಕಚ್ಚಿದ ಮಾರ್ಡರ್ ಮಹಾಶಯರಿಗೆ

ಗೌರವಾನ್ವಿತ ಮಾರ್ಡರ್ ಅವರಿಗೆ,
ಸೌದೆ ಶೆಡ್ಡಿನ ಅಟ್ಟ, ನಮ್ಮ ಮನೆಯ ಹಿತ್ತಿಲು, ಕಿರ್ಖ್‌ಹೈಮ್.

ವಿಷಯ: ಹೆದ್ದಾರಿಯ ಏರಿನಲ್ಲಿ ನಮ್ಮ ಕಾರು ಆಗಾಗ ಉಸಿರುಗಟ್ಟುವುದರ ಬಗ್ಗೆ, ಮತ್ತು ಅದರಲ್ಲಿ ತಮ್ಮ ಹಲ್ಲುಗಳ ಪಾತ್ರದ ಬಗ್ಗೆ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಕಾರಿನ ಗಾಜಿನ ಮೇಲಿನ ತಮ್ಮ ಕೆಸರು ಹೆಜ್ಜೆಗಳಿಂದ ತಿಳಿದು ಸಂತೋಷವಾಯಿತು. ಬೆಕ್ಕಿನ ಗಾತ್ರ, ಮುಂಗುಸಿಯ ಮೈಕಟ್ಟು, ಕೊರಳಲ್ಲಿ ಪಾದ್ರಿಗಳಿಗೂ ಇಲ್ಲದಷ್ಟು ಬಿಳಿಯ ಪಟ್ಟಿ ಇರುವ ತಾವು ಐದು ವರ್ಷಗಳಿಂದ ನಮ್ಮ ಹಳೆಯ ಡೀಸೆಲ್ ಕಾರಿನ ಬೆಚ್ಚನೆಯ ಎಂಜಿನ್ನಿನ ಮೇಲೆ ಮಲಗುತ್ತ ಬಂದಿರಿ. ಬೀದಿಯವರೆಲ್ಲ ಕಾರಿನ ತಂತಿ, ಪೈಪು ಕಚ್ಚುವ ತಮ್ಮ ವಂಶಕ್ಕೆ ಹೆದರಿ ಕಾರಿನಡಿ ಕೋಳಿಗೂಡಿನ ತಂತಿಬಲೆ ಹಾಸಿದರೂ ನಾವು ಹಾಸಲಿಲ್ಲ. ತಾವೂ ಒಂದು ತಂತಿಯನ್ನು ಮೂಸಿಯೂ ನೋಡಲಿಲ್ಲ. ಇಂಥ ಸಜ್ಜನರು ಕಳೆದ ಸೆಪ್ಟೆಂಬರಿನಿಂದ ಹೀಗೇಕಾದಿರಿ ಎಂದು ವಿನಯಪೂರ್ವಕವಾಗಿ ಕೇಳಲು ಈ ಪತ್ರ.

ನನಗೆ ಉಲ್ಮ್ ನಗರದ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿದ್ದೂ ಅದೇ ಸೆಪ್ಟೆಂಬರಿನ ಕೊನೆಯಲ್ಲಿ. ಆರು ತಿಂಗಳ ಪರೀಕ್ಷಾರ್ಥ ಅವಧಿ. ಸಾಹಿತ್ಯ ಓದಿದವಳಿಗೆ ಪುಸ್ತಕಗಳ ನಡುವೆ ಸಂಬಳ ಸಿಗುವುದು ಎಷ್ಟು ಅಪರೂಪವೆಂದು, ಕೋಳಿಗೂಡುಗಳ ಪಕ್ಕದಲ್ಲೇ ಸಂಸಾರ ಹೂಡಿದ ತಮಗೆ ವಿವರಿಸಬೇಕಿಲ್ಲ. ಬೆಳಿಗ್ಗೆ ಹೆದ್ದಾರಿಗೆ ಬಿದ್ದ ಮೊದಲ ಕಾಲು ಗಂಟೆ ಕಾರು ಜಿಂಕೆಯಂತೆ ಓಡುತ್ತದೆ. ಆಲ್ಬ್ ಬೆಟ್ಟದ ಏರು ಬಂದದ್ದೇ ತಡ, ಹಳದಿ ದೀಪ ಹೊತ್ತಿಕೊಳ್ಳುತ್ತದೆ, ಪೆಡಲನ್ನು ನೆಲಕ್ಕೆ ತುಳಿದರೂ ಬೇರೆ ಯಾರದೋ ಕಾರನ್ನು ತುಳಿದಂತಾಗುತ್ತದೆ. ಕಳೆದ ತಿಂಗಳು ಹಂದಿ ತುಂಬಿದ ಲಾರಿಯೊಂದು ನನ್ನನ್ನು ಹಿಂದೆ ಹಾಕಿತು. ಕಸಾಯಿಖಾನೆಗೆ ಹೊರಟಿದ್ದ ಹಂದಿಗಳು ಕಂಬಿಯ ಸಂದಿಯಿಂದ ನನ್ನನ್ನು ಕನಿಕರದಿಂದ ನೋಡಿದವು. ಮೇಲೆ ಹತ್ತಿ ಹತ್ತು ನಿಮಿಷ ನಿಲ್ಲಿಸಿದರೆ ಸಾಕು, ಕಾರು ಏನೂ ಆಗಿಲ್ಲವೆಂಬಂತೆ ಮತ್ತೆ ಜಿಂಕೆ.

ಗ್ರಂಥಾಲಯದ ಮುಖ್ಯಸ್ಥೆ ಫ್ರೌ ವೆಲ್ಫ್ಲೆ ಮೂರನೆಯ ಸಲ ಗಡಿಯಾರ ನೋಡಿ, "ಕಾರು ನಿಮ್ಮದಾದ್ರೂ ಬಾಗಿಲು ನಮ್ಮದಮ್ಮ, ಒಂಬತ್ತಕ್ಕೆ ತೆಗೀಬೇಕು. ಇನ್ನೊಂದು ಸಲ ತಡ ಆದ್ರೆ ಕೆಲಸ ಖಾಯಂ ಮಾಡೋಕೆ ನನ್ನಿಂದಾಗಲ್ಲ" ಎಂದರು.

ಆದ್ದರಿಂದ ಅಮ್ಮನೂ ನಾನೂ ಕಾರನ್ನು ಮೆಕ್ಯಾನಿಕ್ ಹೆರ್ ಸಿಗ್ಲೋಖ್ ಅವರಲ್ಲಿಗೆ ಒಯ್ದೆವು. ಅವರು ಕಾರಿಗೆ ಕಂಪ್ಯೂಟರ್ ಸಿಕ್ಕಿಸಿದರು. "ಎಂಜಿನ್ನಿಗೆ ಗಾಳಿ ಸಾಲದು" ಎಂದು ಅದು ಒಮ್ಮೆ ಹೇಳಿ, ಮತ್ತೆ ಕೇಳಿದಾಗ ಹಾಗೆಂದೇ ಇಲ್ಲ ಎಂದಿತು. ಫಿಲ್ಟರ್ ಬದಲಿಸಿದರು, ಸೆನ್ಸರ್ ಬದಲಿಸಿದರು, ಊರೊಳಗೆ ಮೂರು ಸುತ್ತು ಹಾಕಿದರು. ಡಾಕ್ಟರನ್ನು ಕಂಡೊಡನೆ ಕೆಮ್ಮು ನಿಲ್ಲಿಸುವ ಮಗುವಿನಂತೆ ಕಾರು ಸುಮ್ಮನಿತ್ತು. "ಇವಳು ಅಂಜಿ ಓಡಿಸ್ತಾಳೆ, ಕಾರೂ ಅಂಜುತ್ತೆ" ಎಂದರು ಸಿಗ್ಲೋಖ್. "ಅದನ್ನೇ ನಾನೂ ಹೇಳೋದು" ಎಂದರು ಅಮ್ಮ. "ಪ್ರತಿ ಗುರುವಾರ ಚರ್ಚಿನ ಹಾಡಿನ ಅಭ್ಯಾಸಕ್ಕೆ ಇದರಲ್ಲೇ ಹೋಗಿ ಬರ್ತೀನಿ. ನನ್ನ ಕೈಲಿ ಒಂದು ದಿನವೂ ಕೆಮ್ಮಿಲ್ಲ."

"ಒಂದ್ಸಲ ಹೆದ್ದಾರೀಲಿ ಓಡಿಸಿ ನೋಡೋಣ್ವಾ?" ಎಂಬ ವಾಕ್ಯವನ್ನು ಬಾಯಿಂದ ಹೊರಡಿಸಲು ನನಗೆ ಮೂರು ವಾರ ಬೇಕಾಯಿತು. ಸಿಗ್ಲೋಖ್ ಪಕ್ಕದಲ್ಲಿ ಕುಳಿತು ಬಂದರು. ಅದೇ ಏರಿನಲ್ಲಿ ಅದೇ ಉಬ್ಬಸ. ಮೇಲೆ ನಿಲ್ಲಿಸಿದೊಡನೆ ಅವರು ಬಾನೆಟ್ ಎತ್ತಿ, ಎಂಜಿನ್ ಜೋರು ಮಾಡಲು ಹೇಳಿ, ಸುಡುವ ರಬ್ಬರ್ ಪೈಪಿನ ಮೇಲೆ ಕೈಯಾಡಿಸಿ, "ಸಿಕ್ತು ಬಡ್ಡೀಮಗಂದು!" ಎಂದು ಕೂಗಿದರು. (ಕ್ಷಮಿಸಿ, ಅದು ತಮ್ಮನ್ನು ಉದ್ದೇಶಿಸಿ ಅವರು ಆಡಿದ ಮಾತು.) ಎಂಜಿನ್ನಿಗೆ ಗಾಳಿ ಒತ್ತಿ ಕಳಿಸುವ ಆ ಪೈಪಿನಲ್ಲಿ ಸೂಜಿಮೊನೆಯಂಥ ನಾಲ್ಕು ತೂತು. ತಣ್ಣಗಿದ್ದಾಗ ಮುಚ್ಚಿಕೊಂಡಿರುತ್ತವೆ, ವೇಗಕ್ಕೆ ಬಿಸಿಯಾಗಿ ಉಬ್ಬಿದಾಗ ಬಾಯಿ ಬಿಡುತ್ತವೆ. ದುಬಾರಿ ಕಂಪ್ಯೂಟರನ್ನೂ ಮಂಗ ಮಾಡಿದ ತಮ್ಮ ದಂತಕೌಶಲಕ್ಕೆ ನನ್ನ ನಮಸ್ಕಾರಗಳು.

ಹೊಸ ಪೈಪು ಹಾಕಿಸಿದ ಮೊದಲ ಗುರುವಾರವೇ ತಾವು ಅದನ್ನೂ ಹಲ್ಲಿನಿಂದ ಸಂಸ್ಕರಿಸಿದಿರಿ. ಈ ಸಲ ಸಿಗ್ಲೋಖ್ ಕೂಗಲಿಲ್ಲ. "ಇದು ಆಟದ ಕಡಿತ ಅಲ್ಲ, ಫ್ರೌ ಶ್ಟ್ರೋಯ್ಲೆ. ಹೊಟ್ಟೆಕಿಚ್ಚಿಂದು. ನಿಮ್ಮ ಕಾರು ಬೇರೆಲ್ಲೋ ಸಂಜೆ ಕಳೀತಿದೆ. ಅಲ್ಲಿನ ಮಾರ್ಡರ್ ಇದರ ಮೇಲೆ ತನ್ನ ವಾಸನೆ ಬಿಟ್ಟಿದಾನೆ, ಇಲ್ಲಿಯವನಿಗೆ ಅದನ್ನ ತಡ್ಕೊಳ್ಳೋಕಾಗ್ತಿಲ್ಲ" ಎಂದು ಅಮ್ಮನಿಗೆ ಹೇಳಿದರು.

ಅಮ್ಮ ನನ್ನ ಕಡೆ ತಿರುಗಿದರು. "ಯಾರೇ ಅವನು?"

ಮಾನ್ಯರೇ, ಗ್ರಂಥಾಲಯದ ಕಾಂಕ್ರೀಟ್ ನೆಲಮಾಳಿಗೆ ಬಿಟ್ಟು ಬೇರೆಲ್ಲೂ ಕಾರು ನಿಲ್ಲಿಸದ ನಾನು, ಇಲ್ಲದ ಪ್ರಿಯಕರನಿಗಾಗಿ ಕಿವಿಯವರೆಗೆ ಕೆಂಪಾದೆ. ಆಗ ಸಿಗ್ಲೋಖ್ ಎಂಜಿನ್ನಿನ ಸಂದಿಯಿಂದ ಹುಲ್ಲುಕಡ್ಡಿಯೊಂದನ್ನು ಎಳೆದು, "ಉಲ್ಮಿನ ನೆಲಮಾಳಿಗೇಲಿ ಒಣಹುಲ್ಲು ಎಲ್ಲಿಂದ ಬಂತು? ಇದು ಯಾರದೋ ಕೊಟ್ಟಿಗೇದು" ಎಂದರು.

ಅಮ್ಮ ಕೈಚೀಲದೊಳಗೆ ಏನನ್ನೋ ಬಹಳ ಹೊತ್ತು ಹುಡುಕಿದರು. "ಸೆಪ್ಟೆಂಬರಿಂದ ಅಭ್ಯಾಸ ಪಕ್ಕದೂರು ವೈಲ್‌ಹೈಮಲ್ಲಿ, ಚರ್ಚಲ್ಲಿ ಹಾಡೋ ಹೆರ್ ನೇಗೆಲೆ ಅವರ ಕೊಟ್ಟಿಗೇಲಿ" ಎಂದರು ಕೊನೆಗೆ. "ದನಿ ಚೆನ್ನಾಗಿ ಬರುತ್ತೆ."

"ಎಷ್ಟು ಜನ ಹಾಡ್ತೀರಿ?" ಎಂದರು ಸಿಗ್ಲೋಖ್.

"ಇಬ್ಬರು."

ಸಿಗ್ಲೋಖ್ ಮತ್ತೆ ಬಾನೆಟ್ಟಿನೊಳಗೆ ತಲೆ ತೂರಿಸಿದರು. ಅವರ ಭುಜಗಳು ಕುಲುಕುತ್ತಿದ್ದವು.

"ಇನ್ನು ಹೋಗಲ್ಲ ಬಿಡು, ಫ್ರೀಡೆ. ನಿನ್ನ ಕೆಲಸ ದೊಡ್ಡದು" ಎಂದು ಮನೆಗೆ ಬರುವ ದಾರಿಯಲ್ಲಿ ಅಮ್ಮ ಹೇಳಿದರು, ಹೇಳಿದಂತೆ ನಡೆದರು. ಆ ವಾಸನೆ ಹೋಗಲೆಂದು ಎಂಜಿನ್ ತೊಳೆಸಿ ಮೂರನೆಯ ಪೈಪು ಹಾಕಿಸಿದೆವು. ಎರಡು ಗುರುವಾರ ಕಳೆದವು. ತಾವು ಕಚ್ಚಲಿಲ್ಲ. ನಾನು ಒಂಬತ್ತಕ್ಕೆ ಹತ್ತು ನಿಮಿಷವಿರುವಾಗಲೇ ಬಾಗಿಲ ಬಳಿ ನಿಂತೆ, ಫ್ರೌ ವೆಲ್ಫ್ಲೆ ನನ್ನನ್ನು ನೋಡಿ ಮೊದಲ ಸಲ ಕಾಫಿ ಬೇಕೇ ಎಂದು ಕೇಳಿದರು. ಅಮ್ಮ ಮಾತ್ರ ಆ ಎರಡೂ ಸಂಜೆ ಇಸ್ತ್ರಿಯಾಗಿದ್ದ ದಿಂಬಿನ ಚೀಲಗಳಿಗೇ ಮತ್ತೆ ಇಸ್ತ್ರಿ ಹಾಕಿದರು. ಅಪ್ಪ ತೀರಿಕೊಂಡು ಒಂಬತ್ತು ವರ್ಷ ಮೌನವಾಗಿದ್ದ ಅಡುಗೆಮನೆಯಲ್ಲಿ ಸೆಪ್ಟೆಂಬರಿನಲ್ಲಿ ಶುರುವಾಗಿದ್ದ ಗುನುಗು ನಿಂತುಹೋಯಿತು. ಅದು ಶುರುವಾದದ್ದನ್ನು ಕೇಳಿಸಿಕೊಂಡಿದ್ದೆ, ಕಾರಣವನ್ನು ಮಾತ್ರ ಕೇಳಿರಲಿಲ್ಲ.

ಫೋನೆಂದರೆ ಬೆವರುವ ನಾನು ಮೂರನೆಯ ಬುಧವಾರ ಹೆರ್ ನೇಗೆಲೆ ಅವರಿಗೆ ಫೋನ್ ಮಾಡಿ, "ನೀವೇ ಬನ್ನಿ ಸಾರ್, ನಮ್ಮ ಮನೇಲೂ ದನಿ ಚೆನ್ನಾಗಿ ಬರುತ್ತೆ" ಎಂದೆ. "ಕೇಕ್ ತರ್ಲಾ?" ಎಂದು ಕೇಳಿದರು ಅವರು.

ಈಗ ಅವರು ಗುರುವಾರ ಗುರುವಾರ ಬರುತ್ತಾರೆ, ಕಡುಹಸಿರು ಬಣ್ಣದ ಸ್ವಂತ ಕಾರಿನಲ್ಲಿ, ತಮ್ಮ ಪ್ರತಿಸ್ಪರ್ಧಿಯಾದ ಕೊಟ್ಟಿಗೆಯ ಮಾರ್ಡರ್ ಅವರ ಸುವಾಸನೆಯನ್ನು ಹೊತ್ತು. ನನ್ನ ಬೇಡಿಕೆ ಇಷ್ಟೇ: ನನ್ನ ಪರೀಕ್ಷಾರ್ಥ ಅವಧಿ ಮುಗಿಯುವ ಮಾರ್ಚ್ ತಿಂಗಳ ಕೊನೆಯವರೆಗಾದರೂ ನಮ್ಮ ಕಾರನ್ನು ತಮ್ಮ ಸ್ವಂತದ್ದೆಂದು ಭಾವಿಸಿ ಕಾಪಾಡಬೇಕು. ತಮ್ಮ ಮಾನಕ್ಕೆ ಧಕ್ಕೆ ಬಂದು ಏನನ್ನಾದರೂ ಕಚ್ಚಲೇಬೇಕೆನಿಸಿದರೆ ಹಸಿರು ಕಾರು ಪಕ್ಕದಲ್ಲೇ ಇದೆ. ಅದರ ಒಡೆಯರು ನಿವೃತ್ತರು, ಹೆದ್ದಾರಿಗೆ ಹೋಗುವುದಿಲ್ಲ, ಒಂಬತ್ತಕ್ಕೆ ಯಾವ ಬಾಗಿಲನ್ನೂ ತೆರೆಯಬೇಕಿಲ್ಲ.

ತಮ್ಮ ವಿಶ್ವಾಸಿ,
ಫ್ರೀಡೆರಿಕೆ ಶ್ಟ್ರೋಯ್ಲೆ

ವಿ.ಸೂ.: ಆ ಕಾರು ಕೆಟ್ಟರೆ ಹೆರ್ ನೇಗೆಲೆ ರಾತ್ರಿ ನಮ್ಮಲ್ಲೇ ಉಳಿಯಬೇಕಾಗುತ್ತದೆಂದು ಊಟದ ಹೊತ್ತಿನಲ್ಲಿ ಅಮ್ಮನೆದುರು ಬಾಯಿತಪ್ಪಿ ಹೇಳಿದೆ. ನಿನ್ನೆ ಗುರುವಾರ ಹಸಿರು ಕಾರಿನ ಮುಂದಿನ ಚಕ್ರಗಳ ನಡುವೆ, ತಟ್ಟೆಯ ಮೇಲೆ, ತಮಗೆ ಬಹಳ ಇಷ್ಟವೆಂದು ಊರೆಲ್ಲ ಹೇಳುವ ಕೋಳಿಮೊಟ್ಟೆ ಇತ್ತು. ತಟ್ಟೆ, ಅಮ್ಮ ಯಾರ ಕೈಗೂ ಕೊಡದ ನಮ್ಮ ಹಬ್ಬದ ತಟ್ಟೆ. ದಯವಿಟ್ಟು ಒಡೆಯಬೇಡಿ.