ಶರಣಾಗಿ ಎಂಬ ಗುಂಡಿ

ನಾನು ಮಂಡ್ಯದ ಗುತ್ತಲಿನ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರು. ನಮ್ಮ ಬೀದಿಯಲ್ಲಿ ಯಾರ ಮೊಬೈಲು ಮುಷ್ಕರ ಹೂಡಿದರೂ ಅದು ಮೊದಲು ಬರುವುದು ನಮ್ಮ ಬಾಗಿಲಿಗೆ. ಆಫ್ ಮಾಡಿ ಆನ್ ಮಾಡಿ ಕೊಡುತ್ತೇನೆ. ಸರಿಹೋಗುತ್ತೆ! ಇಂಥ ಪ್ರತಿಭೆ ಮನೆಯಲ್ಲೇ ಇರುವಾಗ ಪುಟ್ಟಸ್ವಾಮಿಯವರ ವೆಬ್‌ಸೈಟನ್ನು ಹೊರಗಿನವರು ಮಾಡುವುದುಂಟೇ?

ಪುಟ್ಟಸ್ವಾಮಿ ಅಂದರೆ ನಮ್ಮ ಯಜಮಾನರು. ಮದುವೆ ಮುಗಿದ ಮೇಲೆ ಬೀಗರಿಗೆ ಹಾಕುವ ಬಾಡೂಟ ಇದೆಯಲ್ಲ, ಆ ಬೀಗರೂಟದ ಅಡುಗೆ ಅವರ ಕಸುಬು. ಮಂಡ್ಯ ಸುತ್ತಮುತ್ತ ಅವರ ಬೋಟಿ ಗೊಜ್ಜು ತಿನ್ನದವರಿಲ್ಲ, ಆದರೆ ಮಳವಳ್ಳಿ ಕಡೆ ಒಂದು ಸಲವೂ ಒಲೆ ಹೂಡಿರಲಿಲ್ಲ. ಅಲ್ಲಿನ ತಮ್ಮೇಗೌಡರ ಮಗನಿಗೆ ಬೆಸಗರಹಳ್ಳಿಯ ಹುಡುಗಿ ಗೊತ್ತಾಗಿತ್ತು. ಆ ಬೀಗರೂಟ ಒಂದು ಕೈಗೆ ಬಂದರೆ ಆ ಕಡೆಯೆಲ್ಲ ನಮ್ಮದೇ ಅಂತ ಇವರಿಗೆ ಆಸೆ. ಮದ್ದೂರಿನ ಇನ್ನೊಬ್ಬ ಅಡುಗೆಯವನೂ ಅದರ ಮೇಲೇ ಕಣ್ಣಿಟ್ಟಿದ್ದ. ಹೆಣ್ಣಿನ ಕಡೆಯವರಿಗೆ ಇವರ ಕೈರುಚಿ ಗೊತ್ತಿತ್ತು. "ನಿಮ್ಮ ವೆಬ್‌ಸೈಟ್ ಇದ್ರೆ ಕಳ್ಸಿ, ಗೌಡ್ರಿಗೆ ತೋರಿಸ್ತೀವಿ" ಅಂದಿದ್ದರು.

"ಫೋನ್ ನಂಬ್ರು ಆಕ್ಬುಡು, ಸಾಕು ಕಣಮ್ಮಿ," ಅಂದರು ಇವರು.

"ರೀ, ನಂಬರು ಗೋಡೆ ಮೇಲೆ ಬರೆಯೋಕೆ. ವೆಬ್‌ಸೈಟ್ ಅಂದ್ಮೇಲೆ ಕಾಂಟ್ಯಾಕ್ಟ್ ಫಾರಂ ಇರಬೇಕು. ಜನ ಹೆಸರು, ಊರು, ವಿಷಯ ಬರೆದು ಗುಂಡಿ ಒತ್ತಬೇಕು. ಅದು ಸೀದಾ ನಮ್ಮ ಮೇಲ್‌ಗೆ ಬರಬೇಕು. ಅದು ಘನತೆ!"

ಘನತೆಗೆ ಕುಂದು ಬರಬಾರದೆಂದು ಪುಟದಲ್ಲಿ ಇದ್ದ ನಂಬರನ್ನೂ ಅಳಿಸಿದೆ.

ಕೋಡಿಂಗ್ ನನಗೆ ಬರುತ್ತೆ. ಅಂದರೆ ಕಾಪಿ ಮಾಡಿ ಪೇಸ್ಟ್ ಮಾಡುವುದಕ್ಕೆ ಬರುತ್ತೆ. ಯಾರೋ ಪುಣ್ಯಾತ್ಮ ನೆಟ್‌ನಲ್ಲಿ ಬಿಟ್ಟಿ ಇಟ್ಟಿದ್ದ ಫಾರಂ ಎತ್ತಿಕೊಂಡು ಬಂದು ವೆಬ್‌ಸೈಟ್ ಇಡಲು ಪುಕ್ಕಟೆ ಸಿಕ್ಕ ಜಾಗದಲ್ಲಿ, ನಮ್ಮ ಬಿಟ್ಟಿ ಹೋಸ್ಟಿಂಗಿನಲ್ಲಿ, ಅಂಟಿಸಿದೆ. ಅದು ಇಂಗ್ಲಿಷಿನಲ್ಲಿತ್ತು. ಬೀಗರೂಟಕ್ಕೆ ಇಂಗ್ಲಿಷ್ ಫಾರಮ್ಮೇ? ಕನ್ನಡಾಭಿಮಾನ ಉಕ್ಕಿ ಬಂತು. ಇಡೀ ಪುಟವನ್ನು ಅನುವಾದ ಮಾಡುವ ಆ್ಯಪ್‌ಗೆ ಹಾಕಿದೆ. ಒಂದೇ ಏಟಿಗೆ ಕನ್ನಡ! 'ಸಬ್ಜೆಕ್ಟ್' ಅನ್ನುವ ಕಡೆ 'ಪ್ರಜೆ' ಅಂತ ಬಂದಿತ್ತು. ಪ್ರಜಾಪ್ರಭುತ್ವ, ಇರಲಿ ಬಿಡು ಅಂದುಕೊಂಡೆ. ಕೆಳಗಿನ ಗುಂಡಿಯ ಮೇಲೇನಿದೆ ಎಂದು ನೋಡಲೇ ಇಲ್ಲ. ಗುಂಡಿ ಇರುವುದು ಒತ್ತುವುದಕ್ಕೆ, ಓದುವುದಕ್ಕಲ್ಲವಲ್ಲ! ಒತ್ತಿದೆ. "ಧನ್ಯವಾದಗಳು! ನಿಮ್ಮ ಸಂದೇಶ ತಲುಪಿದೆ" ಎಂದು ಹಸಿರು ಅಕ್ಷರದಲ್ಲಿ ಬಂತು. ನನ್ನ ಬೆನ್ನು ನಾನೇ ತಟ್ಟಿಕೊಂಡು ಬೆಸಗರಹಳ್ಳಿಗೆ ಲಿಂಕ್ ಕಳಿಸಿದೆ.

ಆಮೇಲೆ ಒಂದು ಸುದ್ದಿಯೂ ಇಲ್ಲ.

"ಗೌಡ್ರುದು ಏನಾರ ಬಂತಾ?" ದಿನಾ ಇವರದು ಇದೇ ಪ್ರಶ್ನೆ.

"ಬಂದರೆ ಮೊಬೈಲು ಟಿಂಗ್ ಅನ್ನುತ್ತೆ, ಸುಮ್ಮನಿರ್ರೀ."

"ಮದ್ದೂರೋನು ಒಡ್ಕೊಂಬುಟ್ಟ ಅನ್ಸುತ್ತೆ ಕಣಮ್ಮಿ," ಎಂದು ಊಟ ಅರ್ಧಕ್ಕೇ ಬಿಟ್ಟು ಎದ್ದರು. ಸಾವಿರಾರು ಜನಕ್ಕೆ ಬಡಿಸಿ ಉಣ್ಣಿಸೋ ಮನುಷ್ಯ ಹೀಗೆ ಎದ್ದಿದ್ದು ನೋಡಿ ಬೇಜಾರಾಯಿತು. ಆದರೂ ಫಾರಂ ಮೇಲಿನ ನಂಬಿಕೆ ಅಲ್ಲಾಡಲಿಲ್ಲ.

ಭಾನುವಾರ ಮನೆ ಮುಂದೆ ಒಂದು ಬೈಕು ನಿಂತಿತು. ಬಿಳಿ ಷರಟು, ದಪ್ಪ ಮೀಸೆ. ಸಾಕ್ಷಾತ್ ತಮ್ಮೇಗೌಡರು! ಮೊಬೈಲನ್ನು ನನ್ನ ಮೂಗಿಗೇ ಹಿಡಿದರು.

"ಯಾರಮ್ಮ ಇದ್ನ ಬರ್ದೋರು? ನಾನ್ಯಾಕೆ ಸರಣಾಗ್ಲಿ?"

"ಏನು ಸಾರ್?"

"ನೋಡಮ್ಮ ಇಲ್ಲಿ! ಎಸ್ರು, ಊರು ಎಲ್ಲ ಬರೆಸ್ಕೊಂಡು ಕೆಳ್ಗಡೆ 'ಶರಣಾಗಿ' ಅಂತ ಆಕಿದೀರಲ್ಲ! ಗಂಡಿನಪ್ಪ ಕಣಮ್ಮ ನಾನು! ಎಣ್ಣಿನ ಕಡೆಯೋರು ಕಳ್ಸಿದ್ದು ಇದು. ತಾಳಿ ಕಟ್ಟೋಕ್ ಮುಂಚೇನೆ ಸರಣಾಗು ಅಂತವ್ರಲ್ಲ ಅಂತ ಬೀಗನ್ಗೆ ಫೋನ್ ಮಾಡಿ ಬೋದ್ಬುಟ್ಟೆ. ಅವ್ನೂ ತಿರುಗ್ಸಿ ಬೋದ. ಈಗ ಇಬ್ರೂ ಮಾತಾಡ್ತಿಲ್ಲ. ಮದ್ವೇನೆ ನಿಂತೋಗಂಗದೆ!"

ಸಬ್ಮಿಟ್! ಆ ಹಾಳು ಆ್ಯಪ್ 'ಸಬ್ಮಿಟ್' ಅನ್ನುವುದನ್ನು 'ಸಲ್ಲಿಸಿ' ಅನ್ನದೆ 'ಶರಣಾಗಿ' ಮಾಡಿತ್ತು. ಮಂಡ್ಯ ಜಿಲ್ಲೆಯಲ್ಲಿ! ಅದೂ ಗಂಡಿನ ಅಪ್ಪನಿಗೆ!

"ಹಾಗಾದ್ರೆ ನೀವು ಒತ್ತಲಿಲ್ವಾ ಸಾರ್?" ಮೆಲ್ಲಗೆ ಕೇಳಿದೆ.

ಗೌಡರು ಆಚೆ ಈಚೆ ನೋಡಿ ದನಿ ತಗ್ಗಿಸಿದರು. "ಒತ್ತುದ್ನಮ್ಮ. ಪುಟ್ಸ್ವಾಮಿ ಅಡ್ಗೆ ಚೆನ್ನಾಗಿರ್ತದೆ ಅಂತ ಎಲ್ರೂ ಯೋಳುದ್ರು. ಅಲ್ಲೊಂದು ನಂಬ್ರೂ ಇಲ್ವಲ್ಲ! ಒತ್ತುದಾಗೆಲ್ಲ ತಲುಪಿದೆ, ತಲುಪಿದೆ ಅಂತದೆ. ಯಾರ್ಗ್ ತಲುಪ್ತು? ಅದ್ಕೇ ಗುತ್ತಲೆಲ್ಲ ವಿಚಾರಿಸ್ಕಂಡು ನಾನೇ ಬಂದೆ."

ಮೇಲ್ ತೆಗೆದು ನೋಡಿದೆ. ಒಂದೂ ಇರಲಿಲ್ಲ. ನಮ್ಮ ಬಿಟ್ಟಿ ಹೋಸ್ಟಿಂಗಿಗೆ ಪುಟ ತೋರಿಸುವುದಷ್ಟೇ ಗೊತ್ತು, ಮೇಲ್ ಕಳಿಸುವುದು ಗೊತ್ತಿಲ್ಲ ಎಂಬ ಪರಮಸತ್ಯ ಆಗ ಹೊಳೆಯಿತು. ಆ ಹಸಿರು ಅಕ್ಷರ ಬರೀ ಅಲಂಕಾರಕ್ಕೆ. ಪಾಪ, ಗೌಡರು ಮಾನ ಬಿಟ್ಟು ಅಷ್ಟು ಸಲ ಶರಣಾಗಿದ್ದು ಯಾರಿಗೂ ತಿಳಿದೇ ಇರಲಿಲ್ಲ!

ಅಷ್ಟರಲ್ಲಿ ಇವರು ಹಿತ್ತಲಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ಎಲ್ಲ ಕೇಳಿಸಿಕೊಂಡಿದ್ದರು.

"ಗೌಡ್ರೇ, ಗುಂಡಿ ಉಲ್ಟಾ ಬಿದ್ದದೆ. ಸರಣಾಗ್ಬೇಕಾದೋರು ನಾವು," ಎಂದು ಕೈ ಮುಗಿದರು. ಅಲ್ಲೇ ಬೆಸಗರಹಳ್ಳಿಗೆ ಫೋನ್ ಮಾಡಿ ಸ್ಪೀಕರ್ ಹಾಕಿ, ತಪ್ಪೆಲ್ಲ ನಮ್ಮ ಮನೆಯಾಕೆಯದು ಎಂದು ಒಂದು ಅಕ್ಷರ ಬಿಡದೆ ವರದಿ ಒಪ್ಪಿಸಿದರು. ಆ ಕಡೆಯಿಂದ ಹುಡುಗಿಯ ಅಪ್ಪನ ದನಿ ಬಂತು.

"ಅಂಗಾದ್ರೆ ಕೊನೆಗೂ ಒತ್ತುದ್ರಾ ಬೀಗ್ರೇ?"

ಗೌಡರ ಮೀಸೆ ಅಲ್ಲಾಡಿತು. ನಕ್ಕೇಬಿಟ್ಟರು. "ಬುಡಿ ಅತ್ಲಾಗೆ! ಸ್ವಾಮಿ, ಬೀಗರೂಟ ನಿಂದೇ ಕಣಯ್ಯ."

ಹೋದ ಜೀವ ಬಂತು. ಓಡಿಹೋಗಿ ಕಾಫಿ ತಂದುಕೊಟ್ಟೆ. ಗೌಡರು ಈಗ ಸಮಾಧಾನವಾಗಿ ಕೂತು ವಿಚಾರಿಸಿದರು.

"ನೀವೇನ್ ಕೆಲ್ಸ ಮಾಡ್ತೀರಿ ತಾಯಿ?"

"ಟೀಚರು ಸಾರ್."

"ಏನ್ ಯೋಳ್ಕೊಡ್ತೀರಿ ಮಕ್ಳಿಗೆ?"

ಇವರು ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ.

"ಹೊಲಿಗೆ ಸಾರ್."

"ಅದ್ಕೇ ಮತ್ತೆ!" ಗೌಡರು ಕಾಫಿ ಲೋಟ ಕೆಳಗಿಟ್ಟು ಕನಿಕರದಿಂದ ಹೇಳಿದರು. "ಇವ್ನೆಲ್ಲ ಕಂಪ್ಯೂಟ್ರು ಕಲ್ತೋರ್ ಕೈಲಿ ಮಾಡಿಸ್ಬೇಕು ಕಣಮ್ಮ."

"ಹೌದು ಸಾರ್," ಅಂದೆ.