ಕೆಂಪು ಕೋಸಿನ ಬಣ್ಣ ಬಯಲು

ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟನ್ನು ಶಿಳ್ಳೆ ಹೊಡೆಯುತ್ತಾ ಕೆಳಗಿಳಿಸುವವನು ನಾನು. ಹೆನ್ನಿಂಗ್ ಕೈಯಿಟ್ಟರೆ ಸತ್ತ ಮೋಟಾರೂ ಎದ್ದು ಕೂರುತ್ತದೆ ಎಂದು ಇಡೀ ರೇಗೆನ್ಸ್‌ಬುರ್ಗ್ ಊರೇ ಹೇಳುತ್ತದೆ! (ಆ ಮಾತನ್ನು ಹಬ್ಬಿಸಿದವನೂ ನಾನೇ ಎನ್ನುವುದು ಬೇರೆ ವಿಷಯ.) ಇಂಥವನಿಗೆ ಒಂದು ಕೋಸು ಯಾವ ಲೆಕ್ಕ?

ಆದ್ದರಿಂದಲೇ ಹುರಿದ ಹೆಬ್ಬಾತಿನ ಜೊತೆ ಕೆಂಪು ಕೋಸು ತಿನ್ನುವ ಸಂತ ಮಾರ್ಟಿನ್ ಹಬ್ಬದ ಭಾನುವಾರ ಬೆಳಿಗ್ಗೆ ಏಪ್ರನ್ ಕಟ್ಟಿ, ಚಾಕುವನ್ನು ಖಡ್ಗದಂತೆ ಎತ್ತಿಹಿಡಿದು, ಹೆಂಡತಿಯ ಮುಂದೆ ಘೋಷಿಸಿದೆ: “ಬುರ್ಗಿ, ಹೆಬ್ಬಾತು ನಿಂದು, ಕೋಸು ನಂದು!”

“ಯಾವಾಗಾದ್ರೂ ಮಾಡಿದ್ದೀಯಾ?”

“ಮಾಡೋದೇನು, ಚಿಕ್ಕಂದಿನಿಂದ ತಿಂದಿದ್ದೀನಿ!”

“ನಾನು ವಿಮಾನದಲ್ಲಿ ಕೂತಿದ್ದೀನಿ. ಓಡಿಸ್ಲಾ?”

ನಗಬೇಡಿ, ವಿಷಯ ಗಂಭೀರವಾದದ್ದು. ಮೂರು ವರ್ಷದ ಹಿಂದೆ ಇದೇ ಹಬ್ಬಕ್ಕೆ ನಮ್ಮಮ್ಮ ಉತ್ತರ ಜರ್ಮನಿಯ ಕಡಲತೀರದಿಂದ ರಾತ್ರಿಯಿಡೀ ರೈಲಿನಲ್ಲಿ ಕೂತು ಬಂದಿದ್ದಳು. ಬುರ್ಗಿ ಬಡಿಸಿದ ಕೋಸನ್ನು ಫೋರ್ಕಿನ ತುದಿಯಲ್ಲಿ ಎತ್ತಿ ನೋಡಿ, “ಇದೇನಮ್ಮಾ, ನೀಲಿಗಿದೆ?” ಎಂದಳು.

“ನಮ್ಮ ಬವೇರಿಯಾ ಕಡೆ ಇದರ ಹೆಸರೇ ನೀಲಿ ಕೋಸು, ಅತ್ತೆ.”

“ಹೆಸರು ಏನಾದ್ರೂ ಇಟ್ಕೊಳ್ಳಿ. ನಮ್ಮ ಕಡೆ ಕೆಂಪಗಿದ್ರೆ ಊಟ, ನೀಲಿಗಿದ್ರೆ ಬಟ್ಟೆಗೆ ಹಾಕೋ ಬಣ್ಣ!”

ಮಾತಿಗೆ ಮಾತು ಬೆಳೆಯಿತು. ಅಮ್ಮ ಕೇಕನ್ನೂ ಮುಟ್ಟದೆ ಎದ್ದು ಸ್ಟೇಷನ್ನಿಗೆ ಹೋದವಳು ಆಮೇಲೆ ಈ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಈ ಸಲ ಕಾಡಿ ಬೇಡಿ ಕರೆಸಿದ್ದೆ. ನಮ್ಮ ಮನೆತನದ ಕೋಸು ಮಾಣಿಕ್ಯದಂತೆ ಕೆಂಪಗೆ ಹೊಳೆಯುತ್ತಾ ಮೇಜಿಗೆ ಬಂದರೆ ಅತ್ತೆ ಸೊಸೆ ಒಂದಾಗುತ್ತಾರೆ ಎಂಬುದು ನನ್ನ ಮಹಾಯೋಜನೆ.

ಬುರ್ಗಿ ಮಾತ್ರ ಬೆರಳೆತ್ತಿ ಎಚ್ಚರಿಸಿದಳು: “ಈ ಸಲವೂ ನಿಮ್ಮಮ್ಮ ಮುನಿಸ್ಕೊಂಡು ಹೋದ್ರೆ ಕ್ರಿಸ್‌ಮಸ್ಸಿಗೆ ನೀನೇ ಅಲ್ಲಿಗೆ ಹೋಗು. ಒಬ್ಬನೇ!”

ಕೋಸು ಹೆಚ್ಚಿದೆ. ಹೆಚ್ಚುವಷ್ಟರಲ್ಲಿ ನನ್ನ ಎರಡೂ ಕೈ ಯಾರನ್ನೋ ಕೊಂದು ಬಂದವನ ಹಾಗೆ ನೇರಳೆಯಾದವು. ಹೆಬ್ಬಾತಿನ ಕೊಬ್ಬಿನಲ್ಲಿ ಈರುಳ್ಳಿ ಬಾಡಿಸಿ, ಸೇಬು, ಲವಂಗ, ಪಲಾವ್ ಎಲೆ ಹಾಕಿ, ಕೋಸು ಸುರಿದು, ನೀರು ಹೊಯ್ದು ಮುಚ್ಚಿದೆ. ಅಡುಗೆಮನೆಯ ಬೆಂಚಿನ ಮೇಲೆ ಬಿಯರ್ ಹಿಡಿದು ಕೂತಿದ್ದ ನಮ್ಮ ಮಾವ ಕ್ವಿರಿನ್, “ಪರವಾಗಿಲ್ವೇ, ಅಳಿಯಂದ್ರು!” ಎಂದು ಮೀಸೆ ಒರೆಸಿಕೊಂಡರು.

ಸ್ವಲ್ಪ ಹೊತ್ತಿಗೆ ಮುಚ್ಚಳ ತೆಗೆದೆ. ನೀಲಿ!

“ನೋಡಿದ್ಯಾ? ನಮ್ಮೂರ ಗಡಸು ನೀರಿಗೂ ಸ್ವಾಭಿಮಾನ ಇದೆ” ಎಂದಳು ಬುರ್ಗಿ.

ವಿನೆಗರ್ ಹಾಕಿದರೆ ಕೆಂಪಾಗುತ್ತದೆ ಎಂಬಷ್ಟು ನನಗೂ ಗೊತ್ತಿತ್ತು. ಧಾರಾಳವಾಗಿ ಹಾಕಿದೆ. ಆಹಾ! ಕೋಸು ಹೊಸ ಮದುವಣಗಿತ್ತಿಯ ಕೆನ್ನೆಯಂತೆ ಕೆಂಪಾಯಿತು. ಎದೆಯುಬ್ಬಿಸಿಕೊಂಡು ಮೇಜಿಗೆ ಬಟ್ಟೆ ಹಾಸಲು ಹೋದೆ. ಬಂದು ನೋಡಿದರೆ ಮತ್ತೆ ನೀಲಿ!

ಕಣ್ಣುಜ್ಜಿಕೊಂಡೆ. ಮತ್ತೆ ವಿನೆಗರ್ ಹಾಕಿದೆ. ಬುಸ್ಸೆಂದು ನೊರೆ ಬಂತು. ಕೆಂಪಾಯಿತು. ತಟ್ಟೆ ಜೋಡಿಸಿ ಬಂದೆ. ನೀಲಿ! ನನಗೆ ತಲೆ ಗಿರ್ರೆಂದಿತು.

“ಬುರ್ಗಿ, ಬೇಗ ಬಾ! ಇದು ಯಾವ ಬಣ್ಣ ಹೇಳು?”

“ನೀಲಿ.”

“ಈಗ?” ಎಂದು ವಿನೆಗರ್ ಸುರಿದೆ.

“ಕೆಂಪು.”

“ಅಂದ್ರೆ ನನ್ನ ಕಣ್ಣು ಸರಿಯಾಗಿದೆ!”

“ಕಣ್ಣು ಸರಿಯಾಗಿದೆ” ಎಂದಳು, ‘ಕಣ್ಣು’ ಎಂಬುದನ್ನು ಒತ್ತಿ.

ಈ ಸಲ ನಾನೂ ಬಿಡಲಿಲ್ಲ. ಹೋದಂತೆ ಮಾಡಿ ಬಾಗಿಲ ಸಂದಿಯಲ್ಲಿ ನಿಂತೆ. ಮಾವ ಬೆಂಚಿನಿಂದ ಎದ್ದರು. ಒಂದು ಚಮಚ ಕೋಸು ಬಾಯಿಗಿಟ್ಟರು. ಮುಖ ಹಿಂಡಿದ ನಿಂಬೆಹಣ್ಣಿನಂತಾಯಿತು. ಕಪಾಟಿನಿಂದ ಅಡುಗೆ ಸೋಡಾದ ಪೊಟ್ಟಣ ತೆಗೆದು ಪಾತ್ರೆಗೆ ಉದುರಿಸಿದರು! ಕೋಸಿನ ಬಣ್ಣಕ್ಕಿಂತ ಮೊದಲು ಮಾವನ ಬಣ್ಣ ಬಯಲಾಯಿತು.

“ಮಾವ! ನೀವಾ!”

ಬೆಚ್ಚಿಬಿದ್ದ ಮಾವನ ಕೈಯಿಂದ ಪೊಟ್ಟಣ ಜಾರಿತು. ಉಳಿದಿದ್ದ ಸೋಡಾವೆಲ್ಲ ಪಾತ್ರೆಗೆ ಸಮರ್ಪಣೆಯಾಯಿತು.

“ಹುಳಿ ಜಾಸ್ತಿ ಆಗಿತ್ತಪ್ಪಾ. ನಿನ್ನ ಮರ್ಯಾದೆ ಉಳಿಸೋಣ ಅಂತ ಸ್ವಲ್ಪ ಸ್ವಲ್ಪ ಹಾಕ್ತಿದ್ದೆ. ಎಷ್ಟು ಹಾಕಿದ್ರೂ ಮತ್ತೆ ಹುಳಿ! ನನಗೂ ತಲೆಬುಡ ಗೊತ್ತಾಗ್ತಿಲ್ಲ.”

ಪಾತ್ರೆಗೆ ಇಣುಕಿದೆವು. ಕೋಸು ಹಸಿರಾಗಿತ್ತು! ಎಂಥ ಹಸಿರು ಅಂತೀರಿ, ಕೊಳದ ಪಾಚಿ ನಾಚಬೇಕು!

“ನಮ್ಮ ಕಡೆ ಇದಕ್ಕೆ ಹೆಸರೇ ಇಲ್ಲ” ಎಂದಳು ಬುರ್ಗಿ.

ಭಾನುವಾರ, ಊರಿನ ಅಂಗಡಿಗಳೆಲ್ಲ ಮುಚ್ಚಿವೆ. ಬೇರೆ ಕೋಸು ಸಿಗುವಂತಿಲ್ಲ. ವಿನೆಗರ್ ಬಾಟಲಿ ಖಾಲಿ. ಅಷ್ಟರಲ್ಲಿ ಟ್ರಿಣ್ ಎಂದು ಬಾಗಿಲ ಗಂಟೆ! ಅಮ್ಮ!

ಬುರ್ಗಿ ಬಾಗಿಲಿಗೆ ಓಡಿದಳು. ನಾನು ಸಿಂಕಿನ ಕೆಳಗೆ ತಡಕಾಡಿದೆ. ಕೆಟಲಿನ ಒಳಗಿನ ಬಿಳಿ ಕಲೆ ಬಿಡಿಸಲು ನೀರು ಬೆರೆಸಿ ಬಳಸುವ ಕಡು ವಿನೆಗರ್ ಸಿಕ್ಕಿತು. ನೀರು ಬೆರೆಸಲು ಪುರುಸೊತ್ತೆಲ್ಲಿ? ಸುರಿದೆ! ಪಾತ್ರೆ ಅಗ್ನಿಪರ್ವತವಾಯಿತು. ನೊರೆ ಒಲೆಯಿಂದ ಇಳಿದು ಮಾವನ ಚಪ್ಪಲಿಯವರೆಗೆ ಹರಿಯಿತು. ಸಂಸಾರದಲ್ಲಿ ಹುಳಿ ಹಿಂಡುವವರನ್ನು ನೋಡಿದ್ದೇನೆ, ಹೀಗೆ ಬಾಟಲಿಗಟ್ಟಲೆ ಸುರಿದವನು ನಾನೊಬ್ಬನೇ! ಆದರೆ ನೊರೆ ಇಳಿದಾಗ ಒಳಗೆ ಕಂಡದ್ದೇನು? ಕೆಂಪು! ಅಪ್ಪಟ ಮಾಣಿಕ್ಯ! ಎರಡು ಮುಷ್ಟಿ ಸಕ್ಕರೆ ಹಾಕಿ ತಿರುವಿ ಮೇಜಿಗೆ ತಂದೆ.

ಅಮ್ಮನ ಕುತ್ತಿಗೆಗೆ ಮಫ್ಲರು, ಕಣ್ಣಿನಲ್ಲಿ ನೀರು. ಮಗನನ್ನು ಕಂಡ ಆನಂದಬಾಷ್ಪ ಎಂದುಕೊಂಡೆ. ಕೋಸನ್ನು ನೋಡಿದವಳೇ, “ಕೆಂಪು!” ಎಂದು ಕೈಜೋಡಿಸಿದಳು.

ನಾನು ಮೊದಲ ತುತ್ತು ಬಾಯಿಗಿಟ್ಟೆ. ಸೋಪಿನ ಕಾರ್ಖಾನೆಯೊಂದು ಉಪ್ಪಿನಕಾಯಿ ಭರಣಿಗೆ ಬಿದ್ದಂತಿತ್ತು. ಮಾವ ಬಾಯಿಯಲ್ಲಿದ್ದುದನ್ನು ಕರವಸ್ತ್ರಕ್ಕೆ ವರ್ಗಾಯಿಸಿದರು. ಬುರ್ಗಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಎಲ್ಲರೂ ಅಮ್ಮನನ್ನೇ ನೋಡಿದೆವು. ಅಮ್ಮ ತಿಂದಳು. ಇನ್ನೊಂದು ತುತ್ತು ತಿಂದಳು. ತಟ್ಟೆ ಮುಂದೆ ಚಾಚಿದಳು!

“ಇನ್ನೂ ಸ್ವಲ್ಪ ಹಾಕು.”

ನನಗೆ ಮತ್ತೆ ಗೊಂದಲ. ಬುರ್ಗಿಯ ಕಿವಿಯಲ್ಲಿ, “ಕಣ್ಣು ಸರಿ ಇದೆ ಅಂದ್ಯಲ್ಲ, ಈಗ ನಾಲಿಗೆ ಕೈಕೊಡ್ತಾ?” ಎಂದೆ.

“ನನ್ನದೂ ಕೈಕೊಟ್ಟಿದೆ. ಸುಮ್ನೆ ಬಡಿಸು” ಎಂದಳು.

ಅಮ್ಮ ಕಣ್ಣೊರೆಸಿಕೊಂಡು, “ಬುರ್ಗಿ, ನಿನ್ನ ಕೈ ಪಳಗಿದೆ ಮಗಳೇ” ಎಂದಳು.

ಮಗಳೇ! ಮೂರು ವರ್ಷದ ಮಂಜು ಕರಗಿತು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ನಾನು ಬುದ್ಧಿವಂತನಾಗಿರುತ್ತಿದ್ದೆ. ಆದರೆ ಕೀರ್ತಿ ಹೆಂಡತಿಯ ಪಾಲಾಗುವುದನ್ನು ಯಾವ ಗಂಡ ಸಹಿಸುತ್ತಾನೆ?

“ಅಮ್ಮಾ, ಅದನ್ನ ಮಾಡಿದ್ದು ನಾನು! ಪೂರ್ತಿ ನಾನೇ!”

“ಹೌದೇನೋ? ಎರಡು ವಾರದಿಂದ ನೆಗಡಿ ಕಣೋ. ಬಾಯಿಗೆ ಏನಿಟ್ರೂ ಸಪ್ಪೆ. ಈ ಹೆಬ್ಬಾತೂ ಅಷ್ಟೇ. ಇದೊಂದೇ ನೋಡು, ಏನೋ ಚುರುಕ್ ಅಂತ ಗೊತ್ತಾಗ್ತಿದೆ!”

ಹಾಗೆಂದು ಕರವಸ್ತ್ರ ತೆಗೆದು, ರೈಲು ಸುರಂಗ ಹೊಕ್ಕಂತೆ ಸದ್ದು ಮಾಡಿ ಮೂಗು ಸೀಟಿದಳು. ಒಂದು ದೀರ್ಘ ಉಸಿರು ಎಳೆದಳು. “ಅಬ್ಬಾ, ಮೂಗು ಬಿಡ್ತು!” ಎಂದು ಮುಖವರಳಿಸಿ, ಸಂತೋಷದಿಂದ ಇನ್ನೊಂದು ತುತ್ತು ಬಾಯಿಗಿಟ್ಟಳು.

ಅಗಿಯುವುದು ನಿಂತಿತು. ಕಣ್ಣು ಅಗಲವಾಯಿತು. ಹೇಗೋ ನುಂಗಿ, ಒಂದು ಲೋಟ ನೀರು ಕುಡಿದು, ನನ್ನ ಕಡೆ ತಿರುಗಿಯೂ ನೋಡದೆ ಸೊಸೆಯನ್ನು ಕೇಳಿದಳು:

“ಬುರ್ಗಿ, ಇವನನ್ನ ಒಲೆ ಹತ್ರ ಬಿಟ್ಟೋರು ಯಾರು?”

“ತಪ್ಪಾಯ್ತು ಅತ್ತೆ. ಬಾಗಿಲು ಹಾಕೋದು ಮರೆತಿದ್ದೆ.”

ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಕ್ಕರು ನೋಡಿ! ಮಾವನೂ ಸೇರಿಕೊಂಡರು. ನಾನು ಸದ್ದಿಲ್ಲದೆ ಪಾತ್ರೆ ಎತ್ತಿಕೊಂಡು ಕಸದ ಡಬ್ಬಿಯ ಕಡೆ ಹೊರಟೆ.

“ಏಯ್ ಹೆನ್ನಿಂಗ್, ಬಿಸಾಡಬೇಡ!” ಎಂದು ಅಮ್ಮ ಕೂಗಿದಳು. “ಒಂದು ಸೀಸೆಗೆ ಹಾಕ್ಕೊಡು. ತಿನ್ನೋಕಲ್ಲಪ್ಪಾ, ಮತ್ತೆ ನೆಗಡಿ ಬಂದ್ರೆ ಮೂಗಿನ ಹತ್ರ ಹಿಡ್ಕೊಳ್ಳೋಕೆ!”