ಹಲ್ಲು ಬಿದ್ದದ್ದು ಪೆಟ್ಟಿಗೋ, ಎಳ್ಳುಂಡೆಗೋ?

ಬನ್ನಿ, ಇಲ್ಲೇ ಜಗಲಿಯಲ್ಲಿ ಕೂಕಣಿ. ಕಾಲು ಚಾಚಿ, ಮೊಬೈಲು ಬದಿಗಿಡಿ. ನಮ್ಮ ಹಟ್ಟಿಯಂಗಡಿ ಬದಿಯಲ್ಲಿ ಬೇಲಿ ಇದ್ದಲ್ಲೆಲ್ಲ ಜಗಳ ಇದ್ದದ್ದೇ. ಆದರೆ ಒಂದು ಹಲ್ಲು ಕುಂದಾಪುರದ ಕೋರ್ಟು ಹತ್ತಿದ್ದು ನಮ್ಮ ಬೇಲಿಯಿಂದ ಮಾತ್ರ.

ತರಗೆಲೆ

ನನ್ನ ತಮ್ಮನ ಹಲಸಿನ ಮರದ ಎಲೆ ಪಕ್ಕದ ಮನೆ ಯಜಮಾನರ ಅಂಗಳಕ್ಕೆ ಬೀಳುತ್ತಿತ್ತು. ದನದ ಹಟ್ಟಿಗೆ ಹಾಸಲು ಇಬ್ಬರಿಗೂ ಅದು ಬೇಕು.

"ಹ್ವಾಯ್, ಮರ ನಂದ್!" ಅಂದ ತಮ್ಮ.

"ಬಿದ್ದದ್ ನನ್ನ ಅಂಗಳಕ್ಕೆ ಮಾರಾಯ. ಎಲೆಗೆ ಕಾಲಿತ್ತಾ, ಎದ್ದ್ ನಿನ್ನಲ್ಲಿಗೆ ಬಪ್ಪುಕೆ?"

ತಮ್ಮನಿಗೆ ಮಾತಿಗಿಂತ ಕೈ ಮುಂದೆ. ಕೆನ್ನೆಗೆ ಒಂದು ಬಿತ್ತು. ಯಜಮಾನರು ಒಂದು ಕೈಯಲ್ಲಿ ಕೆನ್ನೆ ಹಿಡಿದರು. ಇನ್ನೊಂದು ಕೈ ಎಲೆಯ ಬುಟ್ಟಿ ಬಿಡಲಿಲ್ಲ.

ಅವರ ಹೆಂಡತಿ ಜಗಲಿಗೆ ಕರೆದು, "ಒಂದ್ ಉಂಡೆ ತಿನ್ನಿ, ಸಿಟ್ಟ್ ಇಳಿತ್ತ್" ಅಂತ ಎಳ್ಳುಂಡೆ ಕೊಟ್ಟಳು. ನಾನು ಬೇಲಿ ಬದಿಯಲ್ಲೇ ನಿಂತಿದ್ದೆ. 'ಕಟಕ್' ಅಂತು. ಅವರು "ಅಯ್ಯೋ" ಅಂತ ಕೂಗಿದ್ದು ಆಗ. ಪೆಟ್ಟು ಬಿದ್ದಾಗ ಅಲ್ಲ!

ಕುಂಕುಮದ ಭರಣಿ

ಯಜಮಾನರು ಹಲ್ಲನ್ನು ಹೆಂಡತಿಯ ಕುಂಕುಮದ ಭರಣಿಗೆ ಹಾಕಿಕೊಂಡು ಸ್ಟೇಷನ್ನಿಗೆ ಹೋದರು. ಮುಚ್ಚಳ ತೆಗೆದ ಪೊಲೀಸಿನವ ಹೌಹಾರಿದನಂತೆ.

"ಇಷ್ಟು ರಕ್ತವಾ!"

"ರಕ್ತ ಅಲ್ಲ ಸ್ವಾಮಿ, ಕುಂಕುಮ. ಬೇರೆ ಡಬ್ಬಿ ಸಿಕ್ಕಲಿಲ್ಲ."

"ಹಾಗಾದ್ರೆ ಒಂದು ಹೂವೂ ಇಟ್ಟು ತರಬಹುದಿತ್ತಲ್ಲ!"

ನಕ್ಕದ್ದು ಅಷ್ಟೇ. ಬರೀ ಪೆಟ್ಟಾದರೆ ರಾಜಿಯಲ್ಲಿ ಮುಗಿಯುತ್ತದೆ, ಹಲ್ಲು ಹೋದರೆ ದೊಡ್ಡ ಗಾಯ, ಜೈಲೂ ಆಗಬಹುದು ಅಂದರು ನಮ್ಮ ವಕೀಲರು. ತಮ್ಮನ ಮಗಳ ಮದುವೆ ಮಾತಾಗಿತ್ತು. ಕೇಸು ಮುಗಿಯದೆ ದಿನ ಇಡುವುದಿಲ್ಲ ಅಂತ ಗಂಡಿನ ಕಡೆಯವರು ಕೂತರು.

"ಅಕ್ಕ, ನಾನ್ ಒಳಗ್ ಹ್ವಾರೆ ಧಾರೆ ಎರೂದ್ ಯಾರ್?" ಅಂತ ತಮ್ಮ ಅತ್ತೇಬಿಟ್ಟ.

ಆಗ ನಾನು ಉಂಡೆಯ ಸುದ್ದಿ ತೆಗೆದೆ. ವಕೀಲರು ಕುರ್ಚಿಯಿಂದ ಎದ್ದರು. "ಹಲ್ಲು ಪೆಟ್ಟಿನಿಂದಲೇ ಬಿತ್ತು ಅಂತ ಅವರು ತೋರಿಸಬೇಕಮ್ಮ. ನಡುವೆ ಉಂಡೆ ಬಂದಿದೆಯಲ್ಲ!"

ಬೆಣ್ಣೆಯಂಥ ಉಂಡೆ

ಕೋರ್ಟಿನಲ್ಲಿ ಯಜಮಾನರ ಹೆಂಡತಿ ಸಾಕ್ಷಿ ಕಟಕಟೆ ಹತ್ತಿದಳು. "ನಿಮ್ಮ ಉಂಡೆ ಗಟ್ಟಿಯಲ್ಲವಾ?" ಅಂತ ಕೇಳಿದರು ನಮ್ಮ ವಕೀಲರು.

"ಯಾರ್ ಹೇಳದ್? ಬೆಣ್ಣಿ ಹಾಂಗ್ ಇತ್ತ್!" ನನ್ನ ಕಡೆ ಕಣ್ಣು ಬಿಟ್ಟು, ಚೀಲದಿಂದ ಉಂಡೆಯ ಪೊಟ್ಟಣವನ್ನೇ ತೆಗೆದಳು. ಮನೆಯಿಂದ ಕಟ್ಟಿಕೊಂಡೇ ಬಂದಿದ್ದಾಳೆ, ಕಾಣಿ! ಒಂದು ಉಂಡೆ ಜಾರಿತು. ಉರುಳುತ್ತ ಹೋಗಿ ಬೆಂಚಿನ ಕಾಲಿಗೆ 'ಟಣ್' ಅಂತ ಬಡಿಯಿತು. ಒಡೆಯಲಿಲ್ಲ.

ಜಡ್ಜ್ ಸಾಹೇಬರು ತುಟಿ ಕಚ್ಚಿಕೊಂಡರು. ವಕೀಲರು, "ಯಜಮಾನರೇ ಒಂದು ಕಚ್ಚಿ ತೋರಿಸಲಿ" ಅಂದರು.

ಯಜಮಾನರು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. "ಬ್ಯಾಡ ಸ್ವಾಮಿ, ಬ್ಯಾಡ! ಇನ್ನೊಂದೂ ಹೋತ್ತ್!"

ಆಮೇಲೆ

ದೊಡ್ಡ ಕೇಸು ಅಲ್ಲೇ ಬಿದ್ದುಹೋಯಿತು. ಪೆಟ್ಟು ಕೊಟ್ಟದ್ದಕ್ಕೆ ತಮ್ಮ ಕೈಮುಗಿದು ರಾಜಿಯಾದ. ಧಾರೆ ಅವನೇ ಎರೆದ. ಯಜಮಾನರು ಊಟಕ್ಕೆ ಬಂದು ಪಾಯಸವನ್ನೇ ಮೂರು ಸಲ ಹಾಕಿಸಿಕೊಂಡರು. ತಮ್ಮನ ಮಗಳು ಈಗ ಮುಂಬಯಿಯಲ್ಲಿ, ಮೊಬೈಲಿನಲ್ಲಿ ಮುಖ ತೋರಿಸುತ್ತಾಳೆ. ಹಲ್ಲು ಭರಣಿ ಸಮೇತ ಕೋರ್ಟಿನಲ್ಲೇ ಉಳಿಯಿತು.

ತಮ್ಮನೂ ಹೋದ, ಯಜಮಾನರೂ ಹೋದರು. ಹಟ್ಟಿಯಲ್ಲಿ ದನ ಇಲ್ಲ. ಹಲಸಿನ ಎಲೆ ಎರಡೂ ಅಂಗಳಕ್ಕೆ ಬೀಳುತ್ತದೆ, ನಂದು ಅನ್ನುವವರೇ ಇಲ್ಲ.

ಕೇಸು ಮುಗಿದ ಮೇಲೆ ಯಜಮಾನರ ಹೆಂಡತಿ ಒಂದು ಮಳೆಗಾಲ ನನ್ನ ಹತ್ತಿರ ಮಾತು ಬಿಟ್ಟಿದ್ದಳು. ಈಗ ನಮ್ಮಿಬ್ಬರ ಬಾಯಲ್ಲೂ ಹಲ್ಲಿಲ್ಲ. ಆದರೂ ಉಂಡೆ ತಂದು, "ಮೆತ್ತಗಿತ್ತಲ್ದಾ?" ಅಂತ ಕೇಳುತ್ತಾಳೆ.

"ಬೆಣ್ಣಿಯೇ ಹೆಣ್ಣೆ" ಅನ್ನುತ್ತೇನೆ. ಅವಳು ಬೇಲಿ ದಾಟಿದ ಮೇಲೆ ಉಂಡೆ ಕುಟ್ಟಲು ಒರಳು ತೊಳೆಯುತ್ತೇನೆ.